ಸುಗಂಧಾ ಒಪ್ಪಿಸಿ ಬಂದ ನಂಬರು

ಚಿಕ್ಕೋಡಿ ಬಸ್‌ಸ್ಟ್ಯಾಂಡಿನ ಹಿಂದಿನ ಕಟ್ಟಡದ ಮಹಡಿಯ ಮೇಲೆ ಎರಡು ಖೋಲಿಗಳಿವೆ. ಒಂದು ನನ್ನ ಹೊಲಿಗೆ ಅಂಗಡಿ, ಇನ್ನೊಂದು ಆಬಾಸಾಹೇಬನ ವಧು-ವರ ಕೇಂದ್ರ. ನಡುವೆ ಬರೀ ಪ್ಲೈವುಡ್ ಗೋಡೆ. ಆ ಕಡೆ ಯಾರಾದರೂ ಸೀನಿದರೆ ಈ ಕಡೆ ನನಗೆ ಕೇಳುತ್ತದೆ. ಆಬಾಸಾಹೇಬನಿಗೆ ಬಹುವಚನ ಕೊಡು ಎಂದು ಯಾರೂ ನನಗೆ ಹೇಳಬೇಡಿ. ವಯಸ್ಸಿನಲ್ಲಿ ಹಿರಿಯ, ಹಣೆಗೆ ಗಂಧ ಹಚ್ಚಿಕೊಂಡೇ ಮೆಟ್ಟಿಲು ಹತ್ತುತ್ತಾನೆ, ಎಲ್ಲ ನಿಜ. ಆದರೂ ನನ್ನ ಬಾಯಿಗೆ ಬರುವುದಿಲ್ಲ. ಈ ಜಿನಮತಿಯ ಬಾಯಿ ಜೋರು ಎಂದು ಈ ಓಣಿಗೆಲ್ಲ ಗೊತ್ತು, ಗೊತ್ತಿರಲಿ. ನಾನು ಹೇಳಹೊರಟಿರುವುದು ಅವನ ಕೇಂದ್ರದಲ್ಲಿ ಕೆಲಸಕ್ಕಿದ್ದ ಸುಗಂಧಾಳ ಸಂಗತಿ.

ಸುಗಂಧಾ ರಾಯಬಾಗ ಕಡೆಯವಳು. ಪಿಯುಸಿ ಪಾಸಾದವಳು. ಗಂಡ ಭರಮು ಮನೆ ಕಟ್ಟುವ ಗೌಂಡಿ ಕೆಲಸಕ್ಕೆ ಹೋಗುತ್ತಾನೆ. ಮನೆಯಲ್ಲಿ ಬುದ್ಧನ ಫೋಟೊ, ಅದರ ಮುಂದೆ ದಿನಾ ಒಂದು ಹೂವು. ಕೇಂದ್ರಕ್ಕೆ ಹೆಸರು ಕೊಟ್ಟವರ ಮನೆಗೆ ಬಯೋಡೇಟಾ ಹಿಡಿದುಕೊಂಡು ಹೋಗುವುದು, ಹುಡುಗ ಹುಡುಗಿಯ ಫೋಟೊ ತೆಗೆಯುವುದು, ಎರಡೂ ಕಡೆಯವರನ್ನು ಕೂಡಿಸುವುದು ಅವಳ ಕೆಲಸ. ಇವತ್ತು ಅಥಣಿ, ನಾಳೆ ಕಾಗವಾಡ, ನಾಡಿದ್ದು ನಿಪ್ಪಾಣಿ, ಬಸ್ಸಿನಲ್ಲೇ ಅವಳ ಸಂಸಾರ. ನಮ್ಮ ಕಡೆ ಈಗ ಕಬ್ಬಿದ್ದರೂ, ಬಾವಿಯಿದ್ದರೂ, ಬಾಗಿಲಿಗೆ ಟ್ರ್ಯಾಕ್ಟರ್ ನಿಂತಿದ್ದರೂ ರೈತ ಹುಡುಗನಿಗೆ ಹೆಣ್ಣು ಸಿಗುವುದಿಲ್ಲ. ತಲೆಗೂದಲು ಉದುರಿದ ವರಗಳ ತಾಯಂದಿರು ಸುಗಂಧಾಳ ಮುಂದೆ ಕೈಮುಗಿದು ಕೂಡುತ್ತಿದ್ದರು. ಕೈಮುಗಿಯುತ್ತಿದ್ದರು, ಆದರೆ ಅವಳ ಊರು, ಮನೆತನ ಕೇಳಿಕೊಂಡ ಮೇಲೆ ಚಹಾದ ಕಪ್ಪು ಬದಲಾಗುತ್ತಿತ್ತು.

"ಜಿನಮತಕ್ಕಾ, ಇವತ್ತ ಮತ್ತ ಕಾಗದದ ಕಪ್ಪ ಬೇ!" ಎಂದು ನನ್ನ ಅಂಗಡಿಗೆ ಬಂದು ನಗುತ್ತಿದ್ದಳು. "ಅವರೆಲ್ಲಾ ಸ್ಟೀಲಿನ್ಯಾಗ ಕುಡದ್ರು. ನನಗೊಬ್ಬಾಕಿಗೆ ಹೊಸಾದು."

ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವಳು ಮಾತ್ರ ನಗುತ್ತಿದ್ದಳು. ಅವಳಿಗೆ ಬೇಕಾಗಿದ್ದುದು ಚಹಾ ಅಲ್ಲ, ಆ ಮನೆಗಳ ಹೆಣ್ಣುಮಕ್ಕಳು. ಹುಡುಗಿಯರು ಹಿತ್ತಲಿಗೆ ಕರೆದುಕೊಂಡು ಹೋಗಿ, ಅರಿವೆ ಒಗೆಯುವ ಕಲ್ಲಿನ ಮೇಲೆ ಕೂತು, ಅವ್ವನಿಗೆ ಹೇಳಲಾರದ್ದನ್ನು ಇವಳಿಗೆ ಹೇಳುತ್ತಿದ್ದರು. ಈ ಲಗ್ನ ಬೇಡ ಎಂದೋ, ಮೊದಲೊಂದು ಮುರಿದುಹೋಗಿದೆ ಎಂದೋ, ಮೈಗೆ ಹುಷಾರಿಲ್ಲ ಎಂದೋ. ಅದನ್ನೆಲ್ಲ ಸುಗಂಧಾ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತಿದ್ದಳು. ಯಾವ ಬಯೋಡೇಟಾದಲ್ಲೂ ಅದು ಬರುತ್ತಿರಲಿಲ್ಲ.

ಆಬಾಸಾಹೇಬನ ಹತ್ತಿರ ಅವಳಿಗಿಂತ ಮೊದಲು ಇದ್ದವಳು ಎಲ್ಲ ನಂಬರುಗಳನ್ನು ತೆಗೆದುಕೊಂಡು ಹೋಗಿ ನಿಪ್ಪಾಣಿಯಲ್ಲಿ ತನ್ನದೇ ಕೇಂದ್ರ ತೆರೆದಿದ್ದಳಂತೆ. ಅಂದಿನಿಂದ ಅವನು ಹುಷಾರಾದ. ಸುಗಂಧಾ ಸೇರುವಾಗ ವಕೀಲರಿಂದ ಬರೆಸಿದ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡ. ಕೆಲಸ ಬಿಡುವಾಗ ಆಫೀಸಿನ ಫೋನು, ಸಿಮ್ಮು, ಫೋಟೊಗಳು, ಕೆಲಸದಿಂದ ತಿಳಿದುಬಂದ ಪ್ರತಿಯೊಂದು ಮಾಹಿತಿ, ಎಲ್ಲವನ್ನೂ ಒಪ್ಪಿಸತಕ್ಕದ್ದು. ಏನನ್ನೂ ಅಳಿಸತಕ್ಕದ್ದಲ್ಲ, ನಕಲು ಇಟ್ಟುಕೊಳ್ಳತಕ್ಕದ್ದಲ್ಲ. ಅದು ಸಾಲದು ಎಂದು ಅವಳ ಅಸಲು ಮಾರ್ಕ್ಸ್‌ಕಾರ್ಡುಗಳನ್ನೂ ತನ್ನ ಕಪಾಟಿನಲ್ಲಿಟ್ಟು ಕೀಲಿ ಹಾಕಿದ. ಎಲ್ಲ ಕಡೆ ಹೀಗೇ ಎಂದು ಸುಗಂಧಾ ಕೊಟ್ಟುಬಂದಳು.

ಆಫೀಸು ಕೊಟ್ಟ ಫೋನು ಬಿಟ್ಟರೆ ಅವಳ ಹತ್ತಿರ ಬೇರೆ ಫೋನಿರಲಿಲ್ಲ. ಕೇಂದ್ರದ ಬೋರ್ಡಿನ ಮೇಲಿದ್ದ ನಂಬರೇ ಅವಳ ನಂಬರು. ಭರಮುವೂ ಅದಕ್ಕೇ ಮಾಡುತ್ತಿದ್ದ, ಊರೂರಿನ ಹುಡುಗಿಯರೂ ಅದಕ್ಕೇ. ಆ ನಂಬರಿಗೆ ಹಚ್ಚಿದರೆ ಸುಗಂಧಕ್ಕ ಎತ್ತುತ್ತಾಳೆ, ಅಷ್ಟೇ ಎಲ್ಲರಿಗೂ ಗೊತ್ತಿದ್ದುದು.

ಹಾಗೆ ಅವಳನ್ನು ನಂಬಿದವಳು ಸೌಂದರ್ಯಾ. ಅಥಣಿ ಕಡೆ ಹೊಳೆದಂಡೆಯ ಊರು. ಕಬ್ಬು, ದ್ರಾಕ್ಷಿ ಎರಡೂ ಇದ್ದ ಮನೆ. ಅಪ್ಪ ಮುರಗೆಪ್ಪ, ಅಣ್ಣ ಭರತ. ಮಗಳಿಗೆ ವರ ನೋಡಿ ಎಂದು ಕೇಂದ್ರದಲ್ಲಿ ಹೆಸರು ಬರೆಸಿದ್ದರು. ಸುಗಂಧಾ ಒಂದಾದ ಮೇಲೊಂದು ವರ ತೋರಿಸಿದಳು. ಹುಡುಗಿ ಎಲ್ಲದಕ್ಕೂ ತಲೆ ತಗ್ಗಿಸಿ ಕೂತಿತ್ತು. ಒಂದು ದಿನ ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ಇವಳ ಕೈ ಹಿಡಿದುಕೊಂಡು ಬಾಯಿಬಿಟ್ಟಿತು: ಮುಗಳಖೋಡದ ವಿಕ್ರಾಂತ, ಟ್ರ್ಯಾಕ್ಟರ್ ಶೋರೂಮಿನ ಮೆಕ್ಯಾನಿಕ್. ವಿಕ್ರಾಂತನೂ ಸುಗಂಧಾಳ ಜಾತಿಯವನೇ, ಕೇರಿಯ ಮಂದಿ.

"ಹುಚ್ಚಿ ಅದೀಯೇನ? ನಿಮ್ಮಪ್ಪ ನಿನ್ನೂ ಬಿಡಾಂಗಿಲ್ಲ, ಅವನ್ನೂ ಬಿಡಾಂಗಿಲ್ಲ. ಮರತಬಿಡ ಯವ್ವಾ," ಎಂದು ಹೇಳಿ ಬಂದಿದ್ದಳು.

ಮರೆಯಲಿಲ್ಲ. ರಜಿಸ್ಟರ್ ಲಗ್ನ ಮಾಡಿಕೊಂಡು ಒಂದು ಮಧ್ಯಾಹ್ನ ಇಬ್ಬರೂ ನಮ್ಮ ಮೆಟ್ಟಿಲ ಕೆಳಗೆ ನಿಂತಿದ್ದರು. ಸುಗಂಧಾ ಅವರನ್ನು ಕೇಂದ್ರಕ್ಕೆ ಕರೆದುಕೊಂಡು ಹೋಗದೆ ನನ್ನ ಅಂಗಡಿಗೆ ಕರೆತಂದಳು. ಬ್ಲೌಸು ಹಾಕಿ ನೋಡುವ ಪರದೆಯ ಹಿಂದೆ ಅವರಿಬ್ಬರೂ ನೆಲದ ಮೇಲೆ ಕೂತು ಅವಲಕ್ಕಿ ತಿಂದರು. ಅದೇ ದಿನ ಸಂಜೆಯ ಬಸ್ಸಿಗೆ ಸುಗಂಧಾ ಅವರನ್ನು ಬೇಡಕಿಹಾಳಕ್ಕೆ ಒಯ್ದು, ತನಗೆ ಸಣ್ಣಂದಿನಿಂದ ಗೊತ್ತಿದ್ದ ಭೀಮಾಬಾಯಿ ಎಂಬ ಮುದುಕಿಯ ಮನೆಯಲ್ಲಿ ಒಂದು ಖೋಲಿ ಕೊಡಿಸಿದಳು. ವಿಕ್ರಾಂತನಿಗೆ ಹತ್ತಿರದ ಗ್ಯಾರೇಜಿನಲ್ಲಿ ಕೆಲಸ ಸಿಕ್ಕಿತು.

ಮುರಗೆಪ್ಪ ಮಗಳು ಸತ್ತಳೆಂದು ಮನೆಯಲ್ಲಿ ಸ್ನಾನ ಮಾಡಿಬಿಟ್ಟನಂತೆ. ಭರತ ಮಾತ್ರ ಹುಡುಕುವುದನ್ನು ಬಿಡಲಿಲ್ಲ. ಕೇಂದ್ರಕ್ಕೆ ಬಂದು ಕುರ್ಚಿ ಎಳೆದುಕೊಂಡು ಕೂಡುತ್ತಿದ್ದ. ತಗ್ಗಿದ ದನಿ, ನಯವಾದ ಮಾತು. "ನಮ್ಮ ತಂಗಿ ಸುದ್ದಿ ಏನರ ಗೊತ್ತಾತೇನ್ರಿ?" ಎಂದು ಕೇಳುತ್ತಿದ್ದ. "ಇಲ್ರಿ ಅಣ್ಣಾರ," ಎನ್ನುತ್ತಿದ್ದಳು ಸುಗಂಧಾ. ಗೋಡೆಯ ಈಚೆ ನಾನು ಮಿಷನ್ನನ್ನು ಜೋರಾಗಿ ತುಳಿಯುತ್ತಿದ್ದೆ.

ಸೌಂದರ್ಯಾ ಬಸುರಿಯಾದಳು. ಏಳನೆಯ ತಿಂಗಳು ಬಂದಾಗ ದಿನಾ ಅಳುತ್ತಿದ್ದಳಂತೆ. ನಮ್ಮ ಕಡೆ ಚೊಚ್ಚಲ ಬಸುರಿಗೆ ತವರಿನವರು ಹಸಿರು ಸೀರೆ, ಖಣದ ಕುಬಸ, ಹಸಿರು ಬಳೆ, ಬುತ್ತಿ ತಂದು ಉಡಿ ತುಂಬಬೇಕು; ಆ ರವಿಕೆಯ ಹೆಸರಿನಿಂದಲೇ ಸೀಮಂತಕ್ಕೂ ಕುಬಸ ಎನ್ನುತ್ತೇವೆ. ಕುಬಸ ಕಾಣದ ಬಸುರಿ ಎಂದರೆ ದಿಕ್ಕಿಲ್ಲದವಳು ಎಂದೇ ಲೆಕ್ಕ. "ನನಗ ಯಾರ ತರ್ತಾರ ಅಕ್ಕಾ?" ಎಂದಳಂತೆ ಫೋನಿನಲ್ಲಿ. "ನಾ ತರ್ತೀನಿ, ಅಳಬ್ಯಾಡ," ಎಂದುಬಿಟ್ಟಳು ಸುಗಂಧಾ.

ಹಾಗೆ ನಾನೂ ಅವಳೂ ಬೇಡಕಿಹಾಳಕ್ಕೆ ಹೋದೆವು. ಕುಬಸ ನಾನೇ ಹೊಲಿದಿದ್ದೆ. ಹೊಟ್ಟೆ ಬೆಳೆದಂತೆ ಬಿಚ್ಚಿಕೊಳ್ಳಲಿ ಎಂದು ಎರಡೂ ಬದಿಗೆ ಅರಿವೆ ಬಿಟ್ಟು ಹೊಲಿಗೆ ಹಾಕಿದ್ದೆ. ಹಸಿರು ನೂಲು ಸಾಲದೆ ಒಳಗಿನ ಒಂದು ಸಾಲಿಗೆ ಕೆಂಪು ನೂಲು ಹಾಕಿದ್ದೆ. ಸುಗಂಧಾ ಶೇಂಗಾ ಹೋಳಿಗೆ, ಕಡಬು, ಮೊಸರನ್ನ ಮಾಡಿ ತಂದಿದ್ದಳು. ಆ ಹುಡುಗಿ ಹಸಿರುಟ್ಟು ಮಣೆಯ ಮೇಲೆ ಕೂತಾಗ, ಎಷ್ಟು ಚಂದ ಕಾಣುತ್ತಿದ್ದಳೋ! ಭೀಮಾಬಾಯಿ ಆರತಿ ಎತ್ತಿ ಹಾಡಿದಳು. ಅದರಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ. ನಾವು ಮೂವರೂ ನಕ್ಕೆವು, ಮೂವರೂ ಅತ್ತೆವು.

"ಅಕ್ಕಾ, ಒಂದ ಫೋಟೊ ತಗೀರಿ," ಎಂದಳು ಸೌಂದರ್ಯಾ. "ಯಾವತ್ತರ ಅವ್ವನ ಮುಂದ ಇಡ್ತೀನಿ. ನನಗೂ ಕುಬಸ ಮಾಡಿದ್ರ ಅಂತ ನೋಡ್ಲಿ."

ಸುಗಂಧಾ ಫೋಟೊ ತೆಗೆದಳು. ಹಿಂದೆ ಗೋಡೆಗೆ ಆ ಊರಿನ ಕಿರಾಣಿ ಅಂಗಡಿಯವರು ಹಂಚಿದ ಕ್ಯಾಲೆಂಡರು ತೂಗುತ್ತಿತ್ತು. ನಾನು ಅದನ್ನು ನೋಡಿದ್ದೆ, ಅವಳೂ ನೋಡಿದ್ದಳು. ಕ್ಯಾಲೆಂಡರನ್ನು ಯಾರು ಲಕ್ಷ್ಯಕ್ಕೆ ತೆಗೆದುಕೊಳ್ಳುತ್ತಾರೆ?

ಅಷ್ಟರಲ್ಲಿ ಸುಗಂಧಾಳಿಗೆ ರಾಯಬಾಗದ ಹುಡುಗಿಯರ ಹಾಸ್ಟೆಲೊಂದರಲ್ಲಿ ಮೇಲ್ವಿಚಾರಕಿಯ ಕೆಲಸ ಸಿಕ್ಕಿತು. ಇರಲು ಖೋಲಿ, ಹತ್ತಿರದಲ್ಲೇ ತವರು. ಅಸಲು ಮಾರ್ಕ್ಸ್‌ಕಾರ್ಡು ತಂದು ಸೇರಿಕೊಳ್ಳಿ ಎಂದಿದ್ದರು. ಅವಳ ಖುಷಿ ನೋಡಬೇಕಿತ್ತು! "ಇನ್ನ ಕಾಗದದ ಕಪ್ಪ ಮುಗದೂವಕ್ಕಾ. ನಾನ ಮಂದಿಗೆ ಚಾ ಕೊಡ್ತೀನಿ," ಎಂದಳು.

ಫೋನು ಒಪ್ಪಿಸುವ ಮೊದಲು ನನ್ನ ಅಂಗಡಿಯಲ್ಲೇ ಕೂತು ಸೌಂದರ್ಯಾಳ ನಂಬರು, ವಿಕ್ರಾಂತನ ನಂಬರು, ಮಾತಾಡಿದ ಗುರುತು, ಆ ಫೋಟೊ, ಎಲ್ಲ ಅಳಿಸಿದಳು. ಅಳಿಸಬಾರದೆಂದು ಒಪ್ಪಂದದಲ್ಲಿದ್ದರೂ ಅಳಿಸಿದಳು. ಯಾರ ಕೈಗಾದರೂ ಸಿಕ್ಕೀತೆಂದು ಒಂದು ಚೀಟಿಯಲ್ಲೂ ಬರೆದಿಟ್ಟುಕೊಳ್ಳಲಿಲ್ಲ. "ನಾನ ಬೇಡಕಿಹಾಳಕ್ಕ ಹೋಗಿ ಹೊಸಾ ನಂಬರ ಕೊಟ್ಟ ಬರ್ತೀನಿ," ಎಂದಳು. ಎಷ್ಟು ಜಾಣತನ ಮಾಡಿದಳು ಪಾಪ! ಆದರೆ ಆ ಫೋನಿನಲ್ಲಿ ತೆಗೆದ ಫೋಟೊ ತಾನಾಗಿ ಕೇಂದ್ರದ ಕಂಪ್ಯೂಟರಿಗೂ ಹೋಗಿ ಕೂಡುತ್ತಿತ್ತು, ಇಲ್ಲಿ ಅಳಿಸಿದರೂ ಅಲ್ಲಿ ಉಳಿಯುತ್ತಿತ್ತು. ವರಗಳ, ಕನ್ಯೆಗಳ ಫೋಟೊ ಹಾಗೆ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಕುಬಸದ ಫೋಟೊ ಮನೆಯ ಫೋಟೊ ಎಂದುಕೊಂಡಿದ್ದಳು; ಅದೂ ಹೋಗುತ್ತದೆಂದು ತಲೆಗೇ ಹೊಳೆಯಲಿಲ್ಲ.

ಅವಳು ಪಕ್ಕದ ಖೋಲಿಗೆ ಹೋದಳು. ನಾನು ಮಿಷನ್ನು ನಿಲ್ಲಿಸಿ ಕೇಳುತ್ತ ಕೂತೆ. ಫೋನು, ಸಿಮ್ಮು, ಕೀಲಿ ಮೇಜಿನ ಮೇಲಿಟ್ಟ ಸಪ್ಪಳ ಬಂತು.

"ಕೂಡ್ರ ಸುಗಂಧಾ," ಎಂದ ಆಬಾಸಾಹೇಬ. "ಇನ್ನೊಂದ ಉಳೀತಲ್ಲ. ಕೆಲಸದಾಗ ತಿಳದ ಮಾಹಿತಿ ಎಲ್ಲಾ ಒಪ್ಪಸಬೇಕಂತ ಸಹಿ ಮಾಡೀಯೋ ಇಲ್ಲೋ?"

"ಒಪ್ಪಸೀನಲ್ರಿ ಸಾಹೇಬ್ರ."

"ಮುರಗೆಪ್ಪನ ಮಗಳ ಎಲ್ಲಿ ಅದಾಳ?"

ಸುಗಂಧಾ ಕುರ್ಚಿ ಹಿಂದಕ್ಕೆ ಸರಿಸಿ ಎದ್ದ ಸಪ್ಪಳ ಬಂತು.

"ನನಗ ಗೊತ್ತಿಲ್ರಿ."

"ಅರೇ ಬಾಬಾ, ನಾ ಹುಚ್ಚ ಅಲ್ಲ. ಆ ಮನಿಗೆ ನಿನ್ನ ಕಳಸಿದವ ನಾನು. ಅಲ್ಲಿ ನಿನಗ ಗೊತ್ತಾಗಿದ್ದೆಲ್ಲಾ ನಂದ. ಹೇಳಿದ್ರ ಈಗ ಮಾರ್ಕ್ಸ್‌ಕಾರ್ಡ ತಗದ ಕೊಡ್ತೀನಿ. ರಾಯಬಾಗಕ್ಕ ಹೋಗು, ಆರಾಮ ಇರು."

"ಹುಡುಗ್ಯಾರ ನನ್ನ ಮುಂದ ಅತ್ತದ್ದು ನಿಮ್ಮದ ಹೆಂಗ ಆಗ್ತೈತ್ರಿ?" ಎಂದಳು ಸುಗಂಧಾ. ಅವಳ ದನಿ ಅಷ್ಟು ಗಟ್ಟಿಯಾಗಿದ್ದುದನ್ನು ನಾನು ಎಂದೂ ಕೇಳಿರಲಿಲ್ಲ. "ಕಾರ್ಡ ನೀವ ಇಟ್ಕೋರಿ."

ಬಂದು ನನ್ನ ಸ್ಟೂಲಿನ ಮೇಲೆ ಕೂತು ಗಟಗಟ ನೀರು ಕುಡಿದಳು. "ನೌಕರಿ ಹೋತ ಬಿಡಕ್ಕಾ. ಹುಡುಗಿ ಉಳದಳಲ್ಲ," ಎಂದು ನಕ್ಕಳು. ನನಗೆ ಅವತ್ತು ಅವಳ ಮೇಲೆ ಎಷ್ಟು ಹೆಮ್ಮೆಯಾಯಿತೆಂದರೆ, ಎದ್ದು ಅವಳ ತಲೆ ಸವರಿದೆ. ಎರಡು ಕೆಲಸ ಕೈಬಿಟ್ಟವಳಿಗೆ ನನ್ನ ಅಂಗಡಿಯಲ್ಲೇ ಹುಕ್ಕು ಹಚ್ಚುವ, ಕೈಹೊಲಿಗೆ ಹಾಕುವ ಕೆಲಸ ಕೊಟ್ಟೆ.

ಮರುದಿನವೇ ಬೇಡಕಿಹಾಳಕ್ಕೆ ಹೋಗುವವಳಿದ್ದಳು. ಆದರೆ ಭರಮುವಿನ ಕಾಲಿನ ಮೇಲೆ ಸೆಂಟ್ರಿಂಗ್ ಹಲಗೆ ಬಿದ್ದು ಮೂಳೆ ಮುರಿಯಿತು. ಆಸ್ಪತ್ರೆ, ಪ್ಲಾಸ್ಟರು ಎಂದು ಓಡಾಡುವುದರಲ್ಲಿ ದಿನಗಳು ಹೋದವು. ಅವನನ್ನು ಮನೆಗೆ ತಂದು ಮಲಗಿಸಿ, ನಾಳೆ ಹೋಗಿಬರುತ್ತೇನೆ ಎಂದು ಅವಳು ನನ್ನ ಅಂಗಡಿಯಲ್ಲಿ ಕೂತು ಹೇಳುತ್ತಿದ್ದಾಗ ವಿಕ್ರಾಂತ ಮೆಟ್ಟಿಲು ಹತ್ತಿ ಬಂದ. ಗ್ಯಾರೇಜಿನ ಎಣ್ಣೆ ಮೆತ್ತಿದ ಅಂಗಿ, ಕೆಂಪು ಕಣ್ಣು. ಬಾಗಿಲಲ್ಲೇ ನಿಂತ.

"ಯಾಕ ಹೂಂ ಅಂದ್ರಿ ಅಕ್ಕಾ?" ಎಂದ.

ಸುಗಂಧಾಳಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ. ಅವನು ಗೋಡೆಗೆ ಒರಗಿ ನಿಂತು ಹೇಳಿದ. ಭರತ ಗಾಡಿ ತೆಗೆದುಕೊಂಡು ಬೇಡಕಿಹಾಳಕ್ಕೆ ಬಂದಿದ್ದನಂತೆ. ಜೊತೆಗೆ ಹಸಿರು ಸೀರೆ, ಕುಬಸ, ಬಳೆ, ಬುಟ್ಟಿ ತುಂಬ ಬುತ್ತಿ. ಭೀಮಾಬಾಯಿಯ ಕಾಲಿಗೆ ಬಿದ್ದನಂತೆ. "ಆದದ್ದ ಆಗಿಹೋತ. ಅವ್ವ ಅನ್ನಾ ಬಿಟ್ಟ ಕುಂತಾಳ, ಮನ್ಯಾಗ ಕುಬಸ ಮಾಡಿ ಸಂಜಿಗೆ ತಂದ ಬಿಡ್ತೀನಿ," ಎಂದು ಅತ್ತನಂತೆ. ಸೌಂದರ್ಯಾ ಗ್ಯಾರೇಜಿಗೆ ಫೋನು ಮಾಡಿ ಗಂಡನನ್ನು ಕೇಳಿದಳು.

"ನನಗ ಧೈರ್ಯ ಆಗ್ಲಿಲ್ಲ," ಎಂದ ವಿಕ್ರಾಂತ. "ಅಕ್ಕನ್ನ ಕೇಳು, ಅಕ್ಕ ಹೂಂ ಅಂದ್ರ ಹೋಗು ಅಂದೆ. ಆಕಿ ನಿಮಗ ಹಚ್ಚಿದ್ಲು. ಅಕ್ಕ ಹೋಗು ಅಂದಾಳಂತ ನನಗ ಹೇಳಿ, ನಕ್ಕೋತ ಗಾಡಿ ಹತ್ಯಾಳ. ಅವತ್ತ ಸಂಜೀಯಿಂದ ಫೋನ್ ಬಂದ್ ಐತಿ. ಅವರ ಊರಿಗೆ ಹೋದ್ರ, ಇಲ್ಲಿಗೆ ಯಾರೂ ಬಂದಿಲ್ಲ ಅಂತಾರ. ನಿಮ್ಮ ಮಾತ ಕೇಳಿ ಹೋಗ್ಯಾಳ್ರಿ ಆಕಿ."

ಸುಗಂಧಾಳ ಕೈಯಿಂದ ಹುಕ್ಕಿನ ಡಬ್ಬಿ ಜಾರಿ ನೆಲದ ತುಂಬ ಚೆಲ್ಲಿತು.

"ಆ ನಂಬರ ನಂದಲ್ಲೋ ತಮ್ಮಾ," ಎಂದಳು. "ನಾ ಅದನ್ನ ಕೊಟ್ಟ ಬಂದೀನಿ. ಕೊಡಬೇಕಂತ ಬರಕೊಟ್ಟಿದ್ದೆ, ಕೊಟ್ಟ ಬಂದೆ."

ನಾನು ಪಕ್ಕದ ಖೋಲಿಗೆ ಹೇಗೆ ಹೋದೆನೋ ಗೊತ್ತಿಲ್ಲ. ಆಬಾಸಾಹೇಬ ಇರಲಿಲ್ಲ. ಸುಗಂಧಾಳ ಕುರ್ಚಿಯಲ್ಲಿ ನೀಲಮ ಎಂಬ ಹೊಸ ಹುಡುಗಿ ಕೂತಿದ್ದಳು, ಮುಂದೆ ಅದೇ ಫೋನು. ಅಥಣಿ ಹುಡುಗಿಯ ಫೋನು ಬಂದಿತ್ತೇ ಎಂದು ಕೇಳಿದೆ. ಬಂದಿತ್ತು ಎಂದಳು, ನನ್ನ ಮುಖ ನೋಡಿ ಗಾಬರಿಯಾಗಿ.

"ಸಾಹೇಬ್ರ ಮೊದಲ ಹೇಳಿಟ್ಟಿದ್ರಿ ಮೌಶಿ. ಆ ಹುಡುಗಿ ಫೋನ್ ಬಂದ್ರ ಸುಗಂಧಕ್ಕ ಇಲ್ಲೇ ಅದಾಳ, ಹೋಗು ಅಂದಾಳಂತ ಹೇಳು ಅಂದ್ರು. ನಾ ಹಂಗ ಹೇಳ್ದೆ. ತವರಮನಿಗೆ ಹೋಗೂದ ಛಲೋನ ಅಲ್ರಿ?"

ನನ್ನ ಕೈ ಮೇಲೆದ್ದಿತ್ತು. ಅವಳ ಮುಖ ನೋಡಿ ಇಳಿಸಿದೆ. ಅವಳೂ ಯಾವುದೋ ಒಪ್ಪಂದಕ್ಕೆ ಸಹಿ ಹಾಕಿ ಬಂದ ಹುಡುಗಿಯೇ. ಕಂಪ್ಯೂಟರಿನಲ್ಲಿ ಕುಬಸದ ಫೋಟೊ ಸಿಕ್ಕಿದ್ದು, ಭರತ ಬಂದು ಅದನ್ನು ದೊಡ್ಡದು ಮಾಡಿಸಿ ಕ್ಯಾಲೆಂಡರಿನ ಮೇಲಿನ ಊರ ಹೆಸರು ಓದಿದ್ದು, ಎಲ್ಲವನ್ನೂ ಅವಳೇ ಅಳುತ್ತ ಹೇಳಿದಳು. ಊರು ಒಂದೇ ಅಲ್ಲ, ಆ ಹುಡುಗಿಗೆ ಏನು ತೋರಿಸಿದರೆ ಹಿಂದೆ ಬರುತ್ತಾಳೆ ಎಂಬುದನ್ನೂ ಆ ಫೋಟೊ ಅವನಿಗೆ ಕಲಿಸಿಕೊಟ್ಟಿತ್ತು.

ಅದೇ ಮಧ್ಯಾಹ್ನ ಮೂವರೂ ಠಾಣೆಗೆ ಹೋಗಿ ದೂರು ಕೊಟ್ಟೆವು. ಅಷ್ಟರಲ್ಲಾಗಲೇ ಆ ಹುಡುಗಿಯ ಬದುಕು ಮುಗಿದಿತ್ತೆಂದು ನಮಗೆ ಗೊತ್ತಿರಲಿಲ್ಲ. ಕೃಷ್ಣಾ ಹೊಳೆಯ ದಂಡೆಯಲ್ಲಿ, ಜಾಲಿಕಂಟಿಯ ಹತ್ತಿರ, ಒಂದು ಹೆಣ ಸಿಕ್ಕಿತು. ಮುಖದ ಗುರುತು ಹತ್ತುತ್ತಿರಲಿಲ್ಲ. ಮೈಮೇಲಿನ ಸೀರೆ ಭರತ ತಂದದ್ದು, ನಮಗೆ ಗೊತ್ತಿಲ್ಲದ್ದು. ಕುಬಸವನ್ನು ತೊಳೆದು ನನ್ನ ಮುಂದೆ ಹಿಡಿದರು. ನಾನು ಅದನ್ನು ತಿರುವಿ ನೋಡಿದೆ. ಒಳಗೆ ಕೆಂಪು ನೂಲಿನ ಸಾಲಿತ್ತು. ಅಣ್ಣ ತಂದ ಕುಬಸ ಅವಳಿಗೆ ಬಿಗಿಯಾಗಿರಬೇಕು, ನಾನು ಹೊಲಿದದ್ದನ್ನೇ ತೊಟ್ಟುಕೊಂಡು ಹೋಗಿದ್ದಳು. ಬದಿಯ ಹೊಲಿಗೆ ಬಿಚ್ಚಿಕೊಳ್ಳುವ ದಿನವೇ ಅವಳಿಗೆ ಬರಲಿಲ್ಲ. "ನನ್ನ ಹೊಲಿಗಿ," ಎಂದು ಹೇಳಿ ಹೊರಗೆ ಬಂದು ಬಾಯಿಬಾಯಿ ಬಡಿದುಕೊಂಡು ಅತ್ತೆ.

ಭರತ ಜೈಲಿನಲ್ಲಿದ್ದಾನೆ, ಕೇಸು ನಡೆದಿದೆ. ಆಬಾಸಾಹೇಬನನ್ನು ಕರೆದು ಕೇಳಿದರು. ಅವನು ಒಪ್ಪಂದದ ಕಾಗದ ತೆಗೆದುಕೊಂಡೇ ಹೋಗಿದ್ದ. ಫೋನು ನನ್ನದು, ನಂಬರು ನನ್ನದು, ಫೋಟೊ ನನ್ನದು, ಹೆಸರು ಬರೆಸಿದ ಗಿರಾಕಿಗೆ ತೋರಿಸಿದೆ, ತವರಿಗೆ ಹೋಗು ಎಂದು ಹೇಳಿಸುವುದು ಯಾವ ಗುನ್ನೆ ಎಂದು ಕೇಳಿದನಂತೆ. ನೀಲಮಳ ಹೇಳಿಕೆ ಬರೆದುಕೊಂಡಿದ್ದಾರೆ. ಮುಂದೆ ಏನಾಗುತ್ತದೋ ನೋಡಬೇಕು. ಅವನು ಮಾತ್ರ ಗಂಧ ಹಚ್ಚಿಕೊಂಡು ಮೆಟ್ಟಿಲು ಹತ್ತಿ ಬರುತ್ತಲೇ ಇದ್ದಾನೆ. ಅವನ ಮೈಗೆ ಹುಳ ಬೀಳಲಿ ಎಂದು ನಾನು ಅವನಿಗೆ ಕೇಳುವಂತೆಯೇ ಬೈಯುತ್ತೇನೆ.

ವಿಕ್ರಾಂತ ಮುಗಳಖೋಡಕ್ಕೆ ಹೋದ. ನಡೆದದ್ದು ಅವನಿಗೆ ಪೂರ್ತಿ ಗೊತ್ತು, ಸುಗಂಧಾಳ ತಪ್ಪಿಲ್ಲವೆಂದೂ ಗೊತ್ತು. ಆದರೂ ಸಾಕ್ಷಿಗೆ ಬಂದಾಗ ಅವಳ ಮುಖ ನೋಡುವುದಿಲ್ಲ. ಸುಗಂಧಾ ಈಗಲೂ ನನ್ನ ಅಂಗಡಿಯಲ್ಲೇ ಕೂತು ಹುಕ್ಕು ಹಚ್ಚುತ್ತಾಳೆ. ಗೋಡೆಯ ಆಚೆ ಆ ಫೋನು ರಿಂಗಾದಾಗಲೆಲ್ಲ ಅವಳ ಕೈ ನಿಲ್ಲುತ್ತದೆ. ಯಾವುದೋ ಊರಿನ ಯಾವುದೋ ಹುಡುಗಿ ಸುಗಂಧಕ್ಕ ಎತ್ತುತ್ತಾಳೆಂದು ಹಚ್ಚಿರುತ್ತಾಳೆ. ಎತ್ತುವವರು ಬೇರೆ.

ಹೋದ ವಾರ ಟಪಾಲಿನಲ್ಲಿ ಅವಳ ಹೆಸರಿಗೆ ಒಂದು ದಪ್ಪ ಲಕೋಟೆ ಬಂತು. ಕೇಸಿನ ಭಯಕ್ಕೋ ಏನೋ, ಆಬಾಸಾಹೇಬ ಅಸಲು ಮಾರ್ಕ್ಸ್‌ಕಾರ್ಡುಗಳನ್ನೆಲ್ಲ ತಿರುಗಿ ಕಳಿಸಿದ್ದ. ಜೊತೆಗೆ ಕೇಂದ್ರದ ಶಿಕ್ಕಾ ಒತ್ತಿದ ಒಂದು ಪತ್ರ: ಸದರಿಯವರು ಕೆಲಸ ಬಿಡುವಾಗ ಒಪ್ಪಂದದ ಪ್ರಕಾರ ತಮ್ಮಲ್ಲಿದ್ದ ಎಲ್ಲ ಮಾಹಿತಿಯನ್ನು ಸಂಪೂರ್ಣವಾಗಿ ಒಪ್ಪಿಸಿರುತ್ತಾರೆ, ಯಾವುದೂ ಬಾಕಿ ಇರುವುದಿಲ್ಲ.

ಸುಗಂಧಾ ಅದನ್ನು ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ನನ್ನ ಕಡೆ ಹಿಡಿದಳು.

"ಜಿನಮತಕ್ಕಾ, ಅವಂಗ ಹೇಳು," ಎಂದಳು. "ಇದನ್ನ ಹೊಡದಹಾಕಿ ಬ್ಯಾರೇದ ಬರಿ ಅಂತ ಹೇಳು. ನಾ ಆಕೀನ ಕೊಟ್ಟಿಲ್ಲ ಅಂತ ಬರಿ ಅನ್ನು."